ತರ್ಕ ಸರಿ, ಉತ್ತರ ತಪ್ಪು

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ನ್ಯಾಯಶಾಸ್ತ್ರ ಓದಿದವರಿಗೆಲ್ಲ ಬಾಯಿಪಾಠವಾಗಿರುವ ಉದಾಹರಣೆ ಇದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬುದನ್ನು ಒಪ್ಪಿದ ಮೇಲೆ ಮುಂದಿನ ಮಾತಿನಲ್ಲಿ ಯಾರೂ ಕೊಂಕು ತೆಗೆಯಲಾರರು. ಆದರೆ ಬೆಳಗಿನ ಹೊತ್ತು ಚಾರ್ಮಾಡಿ ಘಾಟಿಯಲ್ಲಿ ನಿಂತು ಮಂಜನ್ನೇ ಹೊಗೆ ಅಂದುಕೊಂಡವನ ಗತಿ? ಅವನ ತರ್ಕದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಬೆಂಕಿ ಮಾತ್ರ ಇಲ್ಲ.

ತರ್ಕದ ವಿಷಯ ಬಂದಾಗ ನಮ್ಮಲ್ಲಿ ಎರಡು ಪಂಗಡ. ತರ್ಕವೊಂದಿದ್ದರೆ ಸಾಕು ಎನ್ನುವವರು ಒಂದು ಕಡೆ. ತರ್ಕಕ್ಕೂ ಮಿತಿ ಇದೆಯಲ್ಲ, ಆದ್ದರಿಂದ ನಾನು ಹೇಳಿದ್ದನ್ನು ಒಪ್ಪಿಕೊಳ್ಳಿ ಎನ್ನುವವರು ಇನ್ನೊಂದು ಕಡೆ. ತಪ್ಪು ಕಲ್ಪನೆಗಳಿಗೆ ಎರಡು ಕಡೆಯೂ ಬರವಿಲ್ಲ.

ಕಲ್ಪನೆ: ಲೆಕ್ಕ ಸರಿ ಇದ್ದರೆ ಉತ್ತರವೂ ಸರಿ

ಹತ್ತೊಂಬತ್ತನೇ ಶತಮಾನದ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬ ಲಾರ್ಡ್ ಕೆಲ್ವಿನ್. 1862ರಲ್ಲಿ ಅವನು ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ. ಗಣಿಯಲ್ಲಿ ಕೆಳಗಿಳಿದಷ್ಟೂ ಸೆಕೆ ಹೆಚ್ಚುತ್ತದೆ. ಕರಗಿದ ಬಂಡೆಯ ಉಂಡೆಯಾಗಿದ್ದ ಭೂಮಿ ಇಂದಿನ ಸ್ಥಿತಿಗೆ ಆರಲು ಎಷ್ಟು ಕಾಲ ಬೇಕಾಯಿತು ಎಂಬುದೇ ಅವನ ಪ್ರಶ್ನೆ. ಸಿಕ್ಕ ಉತ್ತರ ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷ. ಮುಂದೆ ಅದನ್ನು ಅವನೇ ಎರಡರಿಂದ ನಾಲ್ಕು ಕೋಟಿಗೆ ಇಳಿಸಿದ. ಜೀವವಿಕಾಸಕ್ಕೆ ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕೆಂದು ನಂಬಿದ್ದ ಡಾರ್ವಿನ್‌ಗೆ ಇದು ದೊಡ್ಡ ತಲೆನೋವಾಯಿತು. ಇಂದು ನಮಗೆ ಗೊತ್ತಿರುವಂತೆ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ.

ಕೆಲ್ವಿನ್ ಎಡವಿದ್ದೆಲ್ಲಿ? ಅವನ ಕಾಲದಲ್ಲಿ ವಿಕಿರಣಶೀಲತೆ ಗೊತ್ತಿರಲಿಲ್ಲ, ಭೂಮಿಯೊಳಗಿನ ಯುರೇನಿಯಂ, ಥೋರಿಯಂಗಳ ಶಾಖವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಬಹಳಷ್ಟು ಪುಸ್ತಕಗಳು ಹೇಳುತ್ತವೆ. ತಪ್ಪು ಕಲ್ಪನೆಯೊಳಗೊಂದು ತಪ್ಪು ಕಲ್ಪನೆ! ಆ ಶಾಖವನ್ನು ಸೇರಿಸಿದರೂ ಅವನ ಉತ್ತರ ಅಷ್ಟೇನೂ ಬದಲಾಗುವುದಿಲ್ಲ. ಭೂಮಿಯ ಒಳಗೆಲ್ಲ ಗಟ್ಟಿ ಬಂಡೆ, ಶಾಖ ಅದರ ಮೂಲಕ ನಿಧಾನಕ್ಕೆ ಹಾದು ಬರುತ್ತದೆ ಎಂದು ಅವನು ಹಿಡಿದದ್ದೇ ನಿಜವಾದ ತೊಡಕು. ಭೂಮಿಯ ಒಳಪದರದ ಬಂಡೆ ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯುತ್ತದೆ, ಆಳದ ಶಾಖವನ್ನು ಮೇಲಕ್ಕೆ ಹೊತ್ತು ತರುತ್ತದೆ. ಹಾಗಾಗಿ ಮೇಲ್ಪದರ ಬಹುಕಾಲ ಬಿಸಿಯಾಗಿಯೇ ಉಳಿಯುತ್ತದೆ. ಇದನ್ನು 1895ರಲ್ಲಿ ಎತ್ತಿ ತೋರಿಸಿದವನು ಕೆಲ್ವಿನ್‌ನ ಹಳೆಯ ಸಹಾಯಕ ಜಾನ್ ಪೆರಿ. ಗುರುವಿನ ಗಣಿತಕ್ಕೆ ಅವನು ಕೈ ಹಚ್ಚಲಿಲ್ಲ. ಒಳಗಿನ ಶಾಖ ಇನ್ನೂ ಸಲೀಸಾಗಿ ಸಾಗುವಂತಿದ್ದರೆ ಏನಾಗುತ್ತದೆ ಎಂದಷ್ಟೇ ಕೇಳಿದ. ವಯಸ್ಸು ಇನ್ನೂರು ಮುನ್ನೂರು ಕೋಟಿ ವರ್ಷದವರೆಗೂ ಹೋಗಬಹುದು ಎಂದು ತೋರಿಸಿಕೊಟ್ಟ. ಕೆಲ್ವಿನ್ ಜಗ್ಗಲಿಲ್ಲ.

ತರ್ಕ ಎಂಬುದು ಒಂದು ಗಿರಣಿ. ಹಾಕಿದ್ದನ್ನು ಬೀಸಿಕೊಡುತ್ತದೆ. ಕಾಳಿನಲ್ಲಿ ಕಲ್ಲಿದೆಯೇ ಎಂದು ಆರಿಸಿಕೊಡುವುದು ಅದರ ಕೆಲಸವಲ್ಲ.

ಕಲ್ಪನೆ: ಕಣ್ಣಾರೆ ಕಂಡ ಮೇಲೆ ಇನ್ನೇನು ಪರೀಕ್ಷೆ?

ಗ್ರಹಣ ಬಂತೆಂದರೆ ನಮ್ಮ ಹಲವು ಊರುಗಳಲ್ಲಿ ಒನಕೆ ಹೊರಬರುತ್ತದೆ. ಹಿತ್ತಾಳೆ ತಟ್ಟೆಯಲ್ಲಿ ನೀರು, ನೀರಿಗೊಂದು ಚಿಟಿಕೆ ಕುಂಕುಮ, ನಡುವೆ ನೆಟ್ಟಗೆ ಒನಕೆ. ಕೈ ಬಿಟ್ಟರೂ ಬೀಳುವುದಿಲ್ಲ. ಸುತ್ತ ಸೇರಿದವರು ಕೈ ಮುಗಿಯುತ್ತಾರೆ. ಮೊದಲ ಸಲ ನಿಲ್ಲದಿದ್ದರೆ ಗ್ರಹಣ ಇನ್ನೂ ಸರಿಯಾಗಿ ಹಿಡಿದಿಲ್ಲ ಎಂದು ಅರ್ಥ. ಗ್ರಹಣ ಬಿಟ್ಟ ಮೇಲೆ ಬಿದ್ದರೆ ಅದೂ ಸಾಕ್ಷಿಯೇ. ಬೀಳದಿದ್ದರೆ ಮನೆಯ ಹಿರಿಯರು ಯಾರಾದರೂ ಕೈಯಾರೆ ತೆಗೆದಿಡುತ್ತಾರೆ, ಆ ಸಂಗತಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದನ್ನು ಕೇಳಿ, ಅದೆಲ್ಲ ಬೂಟಾಟಿಕೆ, ಒನಕೆ ನಿಲ್ಲುವುದೇ ಇಲ್ಲ ಎಂದು ನಗುವ ಓದಿದವರಿದ್ದಾರೆ. ಅವರೂ ಪರೀಕ್ಷೆ ಮಾಡಿ ನೋಡಿದವರಲ್ಲ. ಒನಕೆ ನಿಲ್ಲುತ್ತದೆ, ನಿಜ. ಅದರ ತಳ ಚಪ್ಪಟೆ. ಎಷ್ಟೋ ಒನಕೆಗಳಿಗೆ ತುದಿಯಲ್ಲಿ ಕಬ್ಬಿಣದ ಬಳೆಯೂ ಇರುತ್ತದೆ. ತಳದ ಅಗಲ ಆರು ಸೆಂಟಿಮೀಟರ್, ಎತ್ತರ ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ಎರಡೂವರೆ ಡಿಗ್ರಿಗಿಂತ ಹೆಚ್ಚು ವಾಲದಂತೆ ನಿಲ್ಲಿಸಿದರೆ ಅದರ ಗುರುತ್ವಕೇಂದ್ರ ತಳದ ನೇರದೊಳಗೇ ಇರುತ್ತದೆ. ತಾಳ್ಮೆಯ ಕೈಗೆ ಇದೇನೂ ಕಷ್ಟವಲ್ಲ. ಗ್ರಹಣದ ಸೆಳೆತವೇ ಅದನ್ನು ನಿಲ್ಲಿಸುತ್ತದೆ ಎನ್ನುವಂತೆಯೂ ಇಲ್ಲ: ಸೂರ್ಯಗ್ರಹಣದಲ್ಲಿ ಸೂರ್ಯ ಚಂದ್ರರು ಒಂದೇ ಕಡೆಯಿಂದ ಎಳೆಯುವುದರಿಂದ ಒನಕೆಯ ತೂಕದಲ್ಲಿ ಆಗುವ ವ್ಯತ್ಯಾಸ ಕೋಟಿಯಲ್ಲಿ ಎರಡು ಪಾಲನ್ನೂ ಮೀರದು. ಅದೂ ಪ್ರತಿ ಅಮಾವಾಸ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಹಾಗಾದರೆ ಕಂಡವರು ಕಂಡದ್ದು ಸುಳ್ಳಲ್ಲ. ತಪ್ಪಿರುವುದು ಮಾಡದೇ ಉಳಿದ ಪರೀಕ್ಷೆಯಲ್ಲಿ. ಗ್ರಹಣವಿಲ್ಲದ ಯಾವುದೋ ಮಂಗಳವಾರ ಮಧ್ಯಾಹ್ನ ಒನಕೆ ನಿಲ್ಲಿಸಲು ಯಾರು ಹೋಗುತ್ತಾರೆ?

ಇದು ಹಳ್ಳಿಯವರ ದೌರ್ಬಲ್ಯ ಎನ್ನುವಂತೆಯೂ ಇಲ್ಲ. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ವಿದ್ಯಾರ್ಥಿಗಳ ಮುಂದೆ 2, 4, 6 ಎಂಬ ಮೂರು ಸಂಖ್ಯೆ ಇಟ್ಟ. ಇವು ಒಂದು ನಿಯಮಕ್ಕೆ ಹೊಂದುತ್ತವೆ, ನಿಯಮ ಯಾವುದು ಕಂಡುಹಿಡಿಯಿರಿ. ನೀವೂ ಮೂರು ಮೂರು ಸಂಖ್ಯೆ ಹೇಳಿ, ಹೊಂದುತ್ತವೋ ಇಲ್ಲವೋ ನಾನು ಹೇಳುತ್ತೇನೆ ಎಂದ. ಎರಡೆರಡು ಹೆಚ್ಚುವುದೇ ನಿಯಮ ಅಂದುಕೊಂಡವರು 8, 10, 12 ಎಂದರು. ಹೊಂದುತ್ತದೆ. 20, 22, 24. ಅದೂ ಹೊಂದುತ್ತದೆ. ಗೆದ್ದೆವು ಅಂದುಕೊಂಡು ಉತ್ತರ ಹೇಳಿದರೆ ತಪ್ಪು. ನಿಯಮ ಇದ್ದದ್ದು ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 7, 50 ಎಂದು ಒಮ್ಮೆ ಕೇಳಿದ್ದರೆ ಅವರ ಊಹೆ ಬಿದ್ದುಹೋಗುತ್ತಿತ್ತು. ಮೊದಲ ಬಾರಿಗೇ ಸರಿಯುತ್ತರ ಕೊಟ್ಟವರು 29 ಮಂದಿಯಲ್ಲಿ ಆರು ಜನ.

ಕಲ್ಪನೆ: ದೊಡ್ಡ ವಿದ್ವಾಂಸರಿಗೆ ಈ ಕಾಟವಿಲ್ಲ

ಅವರಿಗೆ ಇನ್ನೂ ಹೆಚ್ಚು ಎನ್ನಬೇಕು. ತಮ್ಮ ತಪ್ಪನ್ನು ಸಮರ್ಥಿಸಿಕೊಳ್ಳಲು ಅವರ ಬಳಿ ಒಳ್ಳೊಳ್ಳೆಯ ವಾದಗಳಿರುತ್ತವೆ. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಆಕಾಶದಿಂದ ಕಲ್ಲು ಬಿತ್ತು ಎಂದು ರೈತರು ಹೇಳಿದರು. ವಿಜ್ಞಾನ ಅಕಾಡೆಮಿಗಾಗಿ ಆ ಕಲ್ಲನ್ನು ಪರಿಶೀಲಿಸಿದ ಮೂವರಲ್ಲಿ ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಲಾವೋಸಿಯೆ ಕೂಡ ಒಬ್ಬ. ಇದು ನೆಲದ ಕಲ್ಲೇ, ಸಿಡಿಲು ಬಡಿದಿರಬೇಕು ಎಂದು ಅವರು ವರದಿ ಕೊಟ್ಟರು. 1803ರ ಏಪ್ರಿಲ್ 26ರಂದು ಲೇಗಲ್ ಪಟ್ಟಣದ ಸುತ್ತ ಎರಡು ಮೂರು ಸಾವಿರ ಕಲ್ಲುಗಳು ಸುರಿದವು. ಈ ಬಾರಿ ಜಾನ್ ಬಾಪ್ಟಿಸ್ಟ್ ಬಿಯೋ ಎಂಬ ಯುವ ವಿಜ್ಞಾನಿ ಸ್ಥಳಕ್ಕೇ ಹೋದ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾಕ್ಷಿಗಳನ್ನು ಮಾತಾಡಿಸಿದ, ಆ ಸೀಮೆಯಲ್ಲಿ ಇಂಥ ಕಲ್ಲು ಬೇರೆಲ್ಲೂ ಇಲ್ಲ ಎಂಬುದನ್ನು ಖಚಿತ ಮಾಡಿಕೊಂಡ. ಅಕಾಡೆಮಿಗಿಂತ ರೈತರ ಮಾತೇ ಸರಿಯಾಗಿತ್ತು.

ಇಪ್ಪತ್ತನೇ ಶತಮಾನದ ಕಥೆಯೂ ಬೇರೆಯಲ್ಲ. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸಿದಿರಿ. ಎಲ್ಲವನ್ನೂ ಬಲ್ಲ ನಿರೂಪಕ ಉಳಿದೆರಡರಲ್ಲಿ ಮೇಕೆ ಇರುವ ಬಾಗಿಲೊಂದನ್ನು ತೆರೆದು, ಆಯ್ಕೆ ಬದಲಿಸುತ್ತೀರಾ ಎಂದು ಕೇಳುತ್ತಾನೆ. ಬದಲಿಸಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು ಎಂದು 1990ರಲ್ಲಿ ಅಮೆರಿಕದ ಅಂಕಣಗಾರ್ತಿ ಮೇರಿಲಿನ್ ವೋಸ್ ಸವಾಂಟ್ ಬರೆದಾಗ ಸುಮಾರು ಹತ್ತು ಸಾವಿರ ಪತ್ರಗಳು ಬಂದವು. ತಪ್ಪು ಎಂದು ಗದರಿಸಿದವರಲ್ಲಿ ಡಾಕ್ಟರೇಟ್ ಪಡೆದವರೂ ಬಹಳ. ಸರಿಯಿದ್ದದ್ದು ಆಕೆಯೇ. ಗಣಿತ ದಿಗ್ಗಜ ಪಾಲ್ ಏರ್ಡಿಶ್ ಕೂಡ ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಈ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ, ಅರೆಮನಸ್ಸಿನಿಂದಲೇ, ಒಪ್ಪಿದರು.

ಕಲ್ಪನೆ: ಗೋಡೆಲ್ ತರ್ಕವನ್ನೇ ಮುಗಿಸಿಬಿಟ್ಟ

ಪ್ರವಚನಗಳಲ್ಲೂ ಈಗ ಈ ಹೆಸರು ಕೇಳಿಬರುತ್ತದೆ. 1931ರಲ್ಲಿ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ತೋರಿಸಿದ್ದು ಇದು: ಪೂರ್ಣಾಂಕಗಳ ಗಣಿತ ಮಾಡಬಲ್ಲ, ತನ್ನೊಳಗೆ ವಿರೋಧವಿಲ್ಲದ, ನಿಯಮಗಳನ್ನು ಸ್ಪಷ್ಟವಾಗಿ ಬರೆದಿಡಬಹುದಾದ ಯಾವುದೇ ವ್ಯವಸ್ಥೆಯಲ್ಲಿ, ಆ ನಿಯಮಗಳಿಂದ ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ಹೇಳಿಕೆಗಳು ಇದ್ದೇ ಇರುತ್ತವೆ. ದೆವ್ವ, ಪುನರ್ಜನ್ಮ, ವಾಸ್ತುಗಳ ಸುದ್ದಿ ಈ ಪ್ರಮೇಯದಲ್ಲಿ ಇಲ್ಲ. ಅದನ್ನು ಅವನು ಸಾಧಿಸಿದ್ದೂ ಕಟ್ಟುನಿಟ್ಟಾದ ತರ್ಕದಿಂದಲೇ.

ಕಲ್ಪನೆ: ತೆರೆದ ಮನಸ್ಸು ಎಂದರೆ ಯಾವುದನ್ನೂ ಅಲ್ಲಗಳೆಯದಿರುವುದು

ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಅವರದ್ದು ಮುಚ್ಚಿದ ಮನಸ್ಸು ಎಂದು ದೂರಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪವಾಡ ಸುಳ್ಳೆಂದು ಘೋಷಿಸಿ ಮನೆಯಲ್ಲಿ ಕೂರುವುದು ಸುಲಭವಿತ್ತು. ಅವರು ಬನ್ನಿ, ನೋಡೋಣ ಎಂದು ಕರೆದರು. ಶೂನ್ಯದಿಂದ ಉಂಗುರ, ವಿಭೂತಿ ತರುತ್ತಾರೆ ಎಂದು ಹೆಸರಾಗಿದ್ದ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ನರಸಿಂಹಯ್ಯನವರು ಕೇಳಿದ್ದು ಉಂಗುರ, ವಿಭೂತಿಗಳನ್ನಲ್ಲ, ಒಂದು ಕುಂಬಳಕಾಯಿ. ಉಂಗುರ ಬೆರಳ ಸಂದಿಯಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಶೂನ್ಯದಿಂದ ಅದು ಬಂದಿದ್ದರೆ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದವರು ನರಸಿಂಹಯ್ಯನವರೇ, ಅದೂ ಊರೆಲ್ಲರ ಎದುರಿಗೆ.