ಹಂಗಿಲ್ಲದ ಲೇಖನಿ

ಲಂಡನ್ನಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ 1852ರಿಂದ 1866ರವರೆಗೆ 1,600ಕ್ಕೂ ಹೆಚ್ಚು ಲೇಖನಗಳು ಒಬ್ಬಳೇ ಮಹಿಳೆಯ ಲೇಖನಿಯಿಂದ ಮೂಡಿಬಂದವು. ಅಗ್ರಲೇಖನಗಳ ಕೆಳಗೆ ಬರೆದವರ ಹೆಸರು ಇರುತ್ತಿರಲಿಲ್ಲ. ಹಾಗೆ ಮರೆಯಲ್ಲಿದ್ದು ಬರೆದ ಆ ಮಹಿಳೆ ಹ್ಯಾರಿಯೆಟ್ ಮಾರ್ಟಿನೋ.

ಹ್ಯಾರಿಯೆಟ್ 1802ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ, ಬಟ್ಟೆ ತಯಾರಿಸುವ ವ್ಯಾಪಾರಿಯೊಬ್ಬನ ಮಗಳಾಗಿ ಜನಿಸಿದಳು. ಎಳೆಯ ವಯಸ್ಸಿನಲ್ಲಿಯೇ ಆಕೆಯ ಶ್ರವಣಶಕ್ತಿ ಕುಂದತೊಡಗಿತು. ಮುಂದೆ ಕಿವಿಗೆ ಕೊಳವೆಯನ್ನು ಹಿಡಿದೇ ಇತರರ ಮಾತನ್ನು ಆಲಿಸಬೇಕಾಯಿತು. 1826ರಲ್ಲಿ ತಂದೆ ತೀರಿಕೊಂಡನು. 1829ರಲ್ಲಿ ಮನೆತನದ ವ್ಯಾಪಾರವೂ ಮುರಿದುಬಿತ್ತು. ಆಗ ವಿದ್ಯಾವಂತ ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದ ಉದ್ಯೋಗವೆಂದರೆ ಹೆಚ್ಚಾಗಿ ಮನೆಪಾಠ ಹೇಳುವುದು. ಕಿವಿ ಕೇಳದ ಹ್ಯಾರಿಯೆಟ್‌ಗೆ ಆ ದಾರಿಯೂ ಮುಚ್ಚಿತು. ಆಕೆ ಹೊಲಿಗೆಯ ಕೆಲಸದಿಂದ ಜೀವನ ಸಾಗಿಸುತ್ತ, ರಾತ್ರಿ ಬಹಳ ಹೊತ್ತಿನವರೆಗೆ ಬರೆಯುತ್ತಿದ್ದಳು.

ಅರ್ಥಶಾಸ್ತ್ರದ ತತ್ತ್ವಗಳನ್ನು ಜನಸಾಮಾನ್ಯರಿಗೆ ಕಥೆಗಳ ಮೂಲಕ ತಿಳಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಹಲವು ಪ್ರಕಾಶಕರು ಈ ಯೋಜನೆಯನ್ನು ತಿರಸ್ಕರಿಸಿದರು. ಆದರೆ 1832ರಲ್ಲಿ ಆ ಕಥಾಮಾಲೆ ಹೊರಬಂದೊಡನೆಯೇ ಆಕೆ ನಾಡಿಗೆಲ್ಲ ಪರಿಚಿತಳಾದಳು.

1834ರಲ್ಲಿ ಆಕೆ ಅಮೆರಿಕಕ್ಕೆ ತೆರಳಿದಳು. ಅಲ್ಲಿ ಗುಲಾಮರ ದುಃಸ್ಥಿತಿಯನ್ನು ಕಣ್ಣಾರೆ ಕಂಡಳು. 1835ರಲ್ಲಿ ಬಾಸ್ಟನ್ ನಗರದ ಮಹಿಳೆಯರ ಸಭೆಯಲ್ಲಿ ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದಳು. ಪತ್ರಿಕೆಗಳು ನಿಂದಿಸಿದವು, ಪ್ರಾಣಬೆದರಿಕೆಗಳೂ ಬಂದವು. ಆದರೂ ತಾನು ಕಂಡುದನ್ನು ಬರೆಯಲು ಆಕೆ ಹಿಂಜರಿಯಲಿಲ್ಲ.

1845ರಲ್ಲಿ ಆಕೆ ಇಂಗ್ಲೆಂಡಿನ ಸರೋವರ ಪ್ರದೇಶದಲ್ಲಿರುವ ಆಂಬಲ್‌ಸೈಡ್ ಎಂಬ ಊರಿಗೆ ಬಂದು ನೆಲೆಸಿದಳು. ಚಳಿಗಾಲದ ಸಂಜೆಗಳಲ್ಲಿ ಅಲ್ಲಿನ ಕೆಲಸಗಾರರಿಗೂ ಅವರ ಮನೆಯವರಿಗೂ ಇತಿಹಾಸ, ಆರೋಗ್ಯ ಮುಂತಾದ ವಿಷಯಗಳನ್ನು ಕುರಿತು ಉಪನ್ಯಾಸ ನೀಡುತ್ತಿದ್ದಳು. ಕಿಷ್ಕಿಂಧೆಯಂತಹ ಇಕ್ಕಟ್ಟಿನ ಮನೆಗಳಲ್ಲಿ ಅವರು ಪಡುತ್ತಿದ್ದ ಬವಣೆಯನ್ನು ಕಂಡು, ಅವರಿಗೆ ಸ್ವಂತ ಮನೆಗಳು ದೊರೆಯಲೆಂದು ಗೃಹನಿರ್ಮಾಣ ಸಂಘವೊಂದನ್ನು ಕಟ್ಟಲು ನೆರವಾದಳು. ಅಲ್ಲಿಂದಲೇ ಆಕೆ ಲಂಡನ್ನಿಗೆ ಲೇಖನಗಳನ್ನು ಅಂಚೆಯ ಮೂಲಕ ಕಳುಹಿಸುತ್ತಿದ್ದಳು. 1855ರಲ್ಲಿ ಹೃದ್ರೋಗವುಂಟಾಗಿ, ಮರಣ ಸಮೀಪಿಸಿತೆಂದು ಭಾವಿಸಿ ಆತ್ಮಕಥೆಯನ್ನು ಬರೆದು ಮುಗಿಸಿದಳು. ಆದರೆ ಅನಂತರವೂ 21 ವರ್ಷ ಬದುಕಿ, 1876ರಲ್ಲಿ ನಿಧನಳಾದಳು.

ಸರಕಾರವು ಆಕೆಗೆ ವಿಶ್ರಾಂತಿವೇತನ ನೀಡಲು ಮುಂದೆ ಬಂದುದು ಒಮ್ಮೆ ಮಾತ್ರವಲ್ಲ. 1841ರಲ್ಲಿ ರೋಗಶಯ್ಯೆಯಲ್ಲಿದ್ದಾಗಲೂ 1873ರಲ್ಲಿ ಮುಪ್ಪಿನಲ್ಲಿದ್ದಾಗಲೂ ಆಕೆ ಅದನ್ನು ನಿರಾಕರಿಸಿದಳು. ಆಳುವವರ ಹಣಕ್ಕೆ ಕೈಯೊಡ್ಡಿದರೆ ಅವರ ತಪ್ಪನ್ನು ಎತ್ತಿ ತೋರಿಸುವ ಸ್ವಾತಂತ್ರ್ಯಕ್ಕೆ ಕುಂದು ಬರುವುದೆಂಬುದು ಆಕೆಯ ನಿಲುವಾಗಿತ್ತು. ಹೊಲಿಗೆಯ ಸೂಜಿಯಿಂದ ಅನ್ನ ಸಂಪಾದಿಸಿದ್ದ ಆ ಕೈಗಳು, ಲೇಖನಿಯನ್ನು ಹಿಡಿದಾಗಲೂ ಯಾರ ಹಂಗಿಗೂ ಒಳಗಾಗಲಿಲ್ಲ.