ಅಂತರ್ಜಾಲ ಜಾಹೀರಾತುಗಳ ಮೂಲಕ ಹಳೆಯ ವಾಹನ ಖರೀದಿ: ಸಾರ್ವಜನಿಕರು ವಹಿಸಬೇಕಾದ ಎಚ್ಚರಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ

ಬೆಳಗಾವಿ ಜಿಲ್ಲೆಯ ಮೇಲ್ಕಂಡ ಐದು ತಾಲ್ಲೂಕುಗಳು ರಾಜ್ಯದ ಗಡಿ ಭಾಗದಲ್ಲಿವೆ. ನಿಪ್ಪಾಣಿಗೆ ಕಾಗಲ್, ಕಾಗವಾಡಕ್ಕೆ ಮಿರಜ್ ತೀರ ಸಮೀಪದ ಪಟ್ಟಣಗಳು. ಆದುದರಿಂದ ಈ ಭಾಗದಲ್ಲಿ ಹಳೆಯ ದ್ವಿಚಕ್ರ ವಾಹನ, ಕಾರು ಅಥವಾ ಟ್ರ್ಯಾಕ್ಟರ್ ಹುಡುಕುವವರಿಗೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮುಂತಾದ ತಾಣಗಳಲ್ಲಿ ಚಿಕ್ಕೋಡಿಯ ಕೆಎ-23 ಸರಣಿಯ ವಾಹನಗಳ ಜೊತೆಗೆ ಕೊಲ್ಹಾಪುರದ ಎಂಎಚ್-09 ಹಾಗೂ ಸಾಂಗಲಿಯ ಎಂಎಚ್-10 ಸರಣಿಯ ವಾಹನಗಳೂ ಕಾಣಬರುವುದು ಸಹಜ.

ಜಾಹೀರಾತು ವಾಹನದ ಚಿತ್ರವನ್ನು ತೋರಿಸುತ್ತದೆಯೇ ಹೊರತು ಅದರ ಒಡೆತನವನ್ನಲ್ಲ. ಒಡೆತನವನ್ನು ತಿಳಿಸುವುದು ನೋಂದಣಿ ದಾಖಲೆ. ಆದ್ದರಿಂದ ವಾಹನವನ್ನು ಕಣ್ಣಾರೆ ಕಂಡು, ದಾಖಲೆಯೊಂದಿಗೆ ತಾಳೆ ನೋಡುವವರೆಗೆ ಯಾವುದೇ ಮೊತ್ತವನ್ನು ಪಾವತಿಸಬಾರದು.

ವಂಚನೆಯ ಸಾಮಾನ್ಯ ವಿಧಾನಗಳು

1. ಸೈನಿಕರ ಸೋಗು: ತಾನು ಸೇನೆಯಲ್ಲಿರುವುದಾಗಿಯೂ, ವರ್ಗಾವಣೆಯಾದ ಕಾರಣ ವಾಹನವನ್ನು ಕಡಿಮೆ ಬೆಲೆಗೆ ಮಾರುತ್ತಿರುವುದಾಗಿಯೂ ಹೇಳಿ, ಗುರುತಿನ ಚೀಟಿಯ ಚಿತ್ರವನ್ನು ಕಳುಹಿಸಲಾಗುತ್ತದೆ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದ ಇಂತಹ ಮಾತನ್ನು ಜನರು ಸುಲಭವಾಗಿ ನಂಬುತ್ತಾರೆ. ಬಳಿಕ ಸಾಗಣೆ ವೆಚ್ಚ, ಗೇಟ್ ಪಾಸ್, ವಿಮೆ ಎಂಬ ನೆಪಗಳಲ್ಲಿ ಹಂತಹಂತವಾಗಿ ಹಣ ಕೇಳಲಾಗುತ್ತದೆ. ವಾಹನ ಮಾತ್ರ ಬರುವುದಿಲ್ಲ.

2. ಸಂಚಕಾರದ ಒತ್ತಾಯ: "ಬೇರೆಯವರು ಕೊಳ್ಳಲು ಸಿದ್ಧರಿದ್ದಾರೆ, ಈಗಲೇ ಸಂಚಕಾರ ಕಳುಹಿಸಿ" ಎಂದು ಅವಸರಪಡಿಸುವುದು.

3. ಹಣ ಹಿಂದಿರುಗಿಸುವ ನೆಪ: ವ್ಯವಹಾರ ರದ್ದಾಯಿತೆಂದು ಹೇಳಿ, ಸಂಚಕಾರವನ್ನು ಹಿಂಪಡೆಯಲು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ನಮೂದಿಸುವಂತೆ ಸೂಚಿಸುವುದು. ಹಣ ಸ್ವೀಕರಿಸಲು ಪಿನ್ ಅಗತ್ಯವಿರುವುದಿಲ್ಲ. ಪಿನ್ ನಮೂದಿಸಿದಲ್ಲಿ ಹಣವು ಖಾತೆಯಿಂದ ಹೊರಹೋಗುತ್ತದೆ.

4. ದಾಖಲೆಯ ದೋಷ: ವಾಹನವು ಕಳವಿನದಾಗಿರುವುದು ಅಥವಾ ಅದರ ಮೇಲಿನ ಸಾಲ ತೀರದಿರುವುದು. ಉದಾಹರಣೆಗೆ, ಅಥಣಿಯ ಕಬ್ಬು ಬೆಳೆಗಾರರೊಬ್ಬರು ಸಾಂಗಲಿಯ ಹಳೆಯ ಟ್ರ್ಯಾಕ್ಟರನ್ನು ಪೂರ್ಣ ಹಣ ಕೊಟ್ಟು ಕೊಂಡರೂ, ಹಿಂದಿನ ಮಾಲೀಕರ ಸಾಲ ಬಾಕಿಯಿದ್ದಲ್ಲಿ ಸಾಲ ನೀಡಿದ ಸಂಸ್ಥೆಯು ಅದನ್ನು ವಶಪಡಿಸಿಕೊಳ್ಳಲು ಮುಂದಾಗಬಹುದು. ಆಗ ಹಣವೂ ಇಲ್ಲ, ಕಬ್ಬು ಸಾಗಿಸಲು ವಾಹನವೂ ಇಲ್ಲ ಎಂಬ ಸ್ಥಿತಿ ಉಂಟಾಗುತ್ತದೆ.

ಹಣ ನೀಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ವಾಹನವನ್ನು ಹಗಲಿನಲ್ಲಿ, ಸಾಧ್ಯವಾದಲ್ಲಿ ಮಾರಾಟಗಾರರ ಮನೆಯಲ್ಲಿಯೇ, ಪರಿಚಿತ ಮೆಕ್ಯಾನಿಕ್ ಒಬ್ಬರೊಂದಿಗೆ ಹೋಗಿ ನೋಡತಕ್ಕದ್ದು.

2. ವಾಹನದ ಮೇಲೆ ಕೆತ್ತಿರುವ ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ಹೋಲಿಸಿ ನೋಡತಕ್ಕದ್ದು. ಅಕ್ಕರಗಳನ್ನು ಉಜ್ಜಿದ ಅಥವಾ ಮತ್ತೆ ಕೆತ್ತಿದ ಗುರುತುಗಳಿದ್ದಲ್ಲಿ ಖರೀದಿಸಬಾರದು.

3. ಕೇಂದ್ರ ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ವಾಹನದ ವಿವರ ಹಾಗೂ ವಿಮೆಯ ಅವಧಿಯನ್ನು ಪರಿಶೀಲಿಸಬಹುದು. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ತಿಳಿಯಬಹುದು.

4. ನೋಂದಣಿ ಪತ್ರದಲ್ಲಿ ಸಾಲ ನೀಡಿದ ಸಂಸ್ಥೆಯ ಹೆಸರಿದ್ದಲ್ಲಿ, ಸಾಲ ತೀರಿದ ಬಗ್ಗೆ ಸದರಿ ಸಂಸ್ಥೆಯ ಪತ್ರ ಹಾಗೂ ನಮೂನೆ 35ನ್ನು ಪಡೆಯತಕ್ಕದ್ದು.

5. ಮಾರಾಟಗಾರರು ನೋಂದಾಯಿತ ಮಾಲೀಕರೇ ಎಂಬುದನ್ನು ಮೂಲ ಗುರುತಿನ ಚೀಟಿಯಿಂದ ಖಚಿತಪಡಿಸಿಕೊಂಡು, ಹಣವನ್ನು ಅವರ ಹೆಸರಿನ ಬ್ಯಾಂಕ್ ಖಾತೆಗೇ ಪಾವತಿಸಿ ರಸೀದಿ ಪಡೆಯತಕ್ಕದ್ದು.

ಮಾಲೀಕತ್ವದ ವರ್ಗಾವಣೆ

ರಾಜ್ಯದೊಳಗೆ ನೋಂದಣಿಯಾದ ವಾಹನಕ್ಕೆ ನಮೂನೆ 29 ಮತ್ತು 30ರಲ್ಲಿ ಅರ್ಜಿ ಸಲ್ಲಿಸಬೇಕು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 50ರ ಪ್ರಕಾರ ಖರೀದಿದಾರರು 30 ದಿನಗಳೊಳಗಾಗಿ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಕಲಂ 157ರ ಮೇರೆಗೆ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು.

ಮಹಾರಾಷ್ಟ್ರದ ವಾಹನವಾದಲ್ಲಿ, ಅಲ್ಲಿನ ನೋಂದಣಿ ಪ್ರಾಧಿಕಾರವು ನಮೂನೆ 28ರಲ್ಲಿ ನೀಡುವ ನಿರಾಕ್ಷೇಪಣಾ ಪತ್ರವೂ ಅವಶ್ಯಕ. ವಾಹನವನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸುವವರು ಕಲಂ 47ರಂತೆ ಇಲ್ಲಿನ ಹೊಸ ನೋಂದಣಿ ಸಂಖ್ಯೆಗೆ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಬೇಕು. ಈ ರಾಜ್ಯದ ವಾಹನ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬೆಲೆ ನಿಗದಿಪಡಿಸಿಕೊಳ್ಳುವುದು ಸೂಕ್ತ. "ನಿರಾಕ್ಷೇಪಣಾ ಪತ್ರವನ್ನು ನಂತರ ಕೊಡುತ್ತೇನೆ" ಎಂಬ ಭರವಸೆಯ ಮೇಲೆ ಪೂರ್ಣ ಹಣ ನೀಡಬಾರದು.

ಹಳೆಯ ಮೊಬೈಲ್ ಫೋನ್ ಕೊಳ್ಳುವವರು

ಫೋನಿನಲ್ಲಿ *#06# ಒತ್ತಿದಾಗ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿ, ಫೋನು ಕಳವಾಗಿ ನಿರ್ಬಂಧಿಸಲ್ಪಟ್ಟಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯಬಹುದು.

ವಂಚನೆಗೆ ಒಳಗಾದಲ್ಲಿ

1. ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು ಹಾಗೂ ತಮ್ಮ ಬ್ಯಾಂಕಿಗೆ ತಿಳಿಸತಕ್ಕದ್ದು. ವಂಚಕರು ಹಣವನ್ನು ಖಾತೆಯಿಂದ ತೆಗೆಯುವ ಮುನ್ನ ದೂರು ತಲುಪಿದಲ್ಲಿ ಮಾತ್ರ ಅದನ್ನು ತಡೆಹಿಡಿಯಲು ಸಾಧ್ಯ.

2. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

3. ಜಾಹೀರಾತು, ಸಂದೇಶಗಳು, ಮೊಬೈಲ್ ಸಂಖ್ಯೆ ಹಾಗೂ ಪಾವತಿಯ ವಹಿವಾಟು ಸಂಖ್ಯೆಗಳನ್ನು ಅಳಿಸದೆ ಇಟ್ಟುಕೊಳ್ಳತಕ್ಕದ್ದು.

4. ಘಟನೆಯು ಗಡಿಯಾಚೆ ನಡೆದಿದ್ದರೂ ಸಮೀಪದ ಠಾಣೆಯಲ್ಲಿ ದೂರು ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅಪರಾಧ ನಡೆದ ಪ್ರದೇಶ ಯಾವುದೇ ಆಗಿದ್ದರೂ ನೀಡಲು ಅವಕಾಶವಿದೆ. ಮಿರಜ್‌ನಲ್ಲಿ ಹಣ ಕಳೆದುಕೊಂಡ ಕಾಗವಾಡದ ನಾಗರಿಕರು ಕಾಗವಾಡದಲ್ಲಿಯೇ ದೂರು ಕೊಡಬಹುದು.

ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ ಕಲಂ 66ಡಿ ಅನ್ವಯ ಶಿಕ್ಷಾರ್ಹ. ಇದಕ್ಕೆ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಮೋಸ ಹೋದವರು ಸಂಕೋಚಪಡದೆ ದೂರು ನೀಡುವುದರಿಂದ ಅದೇ ಜಾಹೀರಾತಿಗೆ ಇನ್ನೊಬ್ಬರು ಬಲಿಯಾಗುವುದನ್ನು ತಪ್ಪಿಸಬಹುದು.