ನೋವು ಇದ್ದರೂ ಇಷ್ಟಂತೂ ಮಾಡಬಲ್ಲೆ

ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಆವನಿ ಹೆಸರಾಗಿರುವುದು ಬೆಟ್ಟಕ್ಕೆ, ಹಳೆಯ ದೇವಾಲಯಗಳಿಗೆ. ಆದರೆ ಆ ಸೀಮೆಯ ಜನರ ಮಾತು ಶುರುವಾಗುವುದು ನೀರಿನಿಂದ. ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೊಳವೆಬಾವಿಯೇ ಗತಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ನೀರಿಲ್ಲದ ಕಡೆಯೂ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಮ್ಮ ದೇಶದ ಮಾನದಂಡ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಜಾಸ್ತಿಯಾದರೆ ಫ್ಲೋರೈಡ್ ಎಲುಬು ಸೇರುತ್ತದೆ. ಬೆನ್ನು ಬಗ್ಗದು, ಮಂಡಿ ಮಡಚದು. ವಾತ, ವಯಸ್ಸಾಯ್ತು ಅಂತ ಸುಮ್ಮನಾಗುವವರೂ ಇದ್ದಾರೆ. ಕೆಟ್ಟ ಎಲುಬನ್ನು ಮೊದಲಿನಂತೆ ಮಾಡುವ ಮದ್ದಿಲ್ಲ.

ನಮ್ಮ ಕರಾವಳಿಯಲ್ಲಿ ಆ ನೀರಿನ ಕಾಟವಿಲ್ಲ. ಹಾಗಂತ ನೋವು ಕಡಿಮೆಯಾ? ಮೊರ ಮಡಿಲಲ್ಲಿಟ್ಟು, ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುತ್ತಲೇ ಮಕ್ಕಳನ್ನು ಓದಿಸಿದ ಉಮ್ಮಂದಿರ ಸೊಂಟವನ್ನು ಕೇಳಿ ನೋಡಿ.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥವರನ್ನು 'ಎಷ್ಟು ನೋವು?' ಎಂದು ಕೇಳಿದರೆ ಸಾಲದು, 'ನೋವಿದ್ದೂ ಏನೇನು ಮಾಡಬಲ್ಲಿರಿ?' ಎಂದೂ ಕೇಳಬೇಕು. ಇದಕ್ಕೆಂದೇ ಆಸ್ಟ್ರೇಲಿಯಾದ ಮೈಕೆಲ್ ನಿಕೊಲಸ್ ಹತ್ತು ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ಒಟ್ಟು ಅಂಕ 60. ಮನೆಗೆಲಸ, ಗೆಳೆಯರ ಭೇಟಿ ಎಲ್ಲ ಅದರಲ್ಲಿವೆ. ಒಂದೇ ಬಗೆಯ ನೋವಿರುವ ಇಬ್ಬರಲ್ಲಿ ಒಬ್ಬರು ಮದುವೆ ಮನೆಗೆ ಹೋಗಿ ಬರುತ್ತಾರೆ, ಇನ್ನೊಬ್ಬರು ಹಾಸಿಗೆ ಬಿಡುವುದಿಲ್ಲ. ಈ ವ್ಯತ್ಯಾಸದಲ್ಲಿ ಆತ್ಮವಿಶ್ವಾಸದ ಪಾಲು ದೊಡ್ಡದು.

'ಧೈರ್ಯ ತಂದ್ಕೊಳ್ಳಿ' ಅಂದರೆ ಅದು ಬರುವುದಿಲ್ಲ. (ಹೇಳುವವರಿಗೆ ಸೊಂಟ ನೋವಿರುವುದೂ ಇಲ್ಲ!) ತಾನೇ ಒಂದು ಕೆಲಸ ಮಾಡಿ ಮುಗಿಸಿದ ಅನುಭವವೇ ಅದರ ಮೊದಲ ಮೂಲ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದರು. ನಮ್ಮ ಮನೆಗಳಲ್ಲಿ ಆಗುವುದು ಉಲ್ಟಾ. 'ಉಮ್ಮಾ, ನೀವು ಸುಮ್ಮನೆ ಕೂತ್ಕೊಳ್ಳಿ' ಅಂತ ಪ್ರೀತಿಯಿಂದಲೇ ಕೈಯಲ್ಲಿದ್ದ ತರಕಾರಿಯನ್ನೂ ಕಿತ್ತುಕೊಳ್ಳುತ್ತೇವೆ. ಆಮೇಲೆ ಅವರು ಕೂತೇ ಬಿಡುತ್ತಾರೆ. ತರಕಾರಿ ಅವರೇ ಹೆಚ್ಚಲಿ, ಎತ್ತರದ ಕುರ್ಚಿ ಕೊಡಿ. ಹತ್ತು ನಿಮಿಷ ಕೆಲಸ, ಎದ್ದು ನಾಲ್ಕು ಹೆಜ್ಜೆ, ಮತ್ತೆ ಹತ್ತು ನಿಮಿಷ. ನೋವು ಕಡಿಮೆಯಿದ್ದ ದಿನ ಇಡೀ ಮನೆ ತೊಳೆದು ಮೂರು ದಿನ ಮಲಗುವುದು ಬೇಡ. ನಿಂತು ನಮಾಝ್ ಮಾಡಲಾಗದವರಿಗೆ ಕೂತು ಮಾಡುವ ಅನುಮತಿ ಇದ್ದೇ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಆತ್ಮವಿಶ್ವಾಸದಿಂದ ನೀರು ಶುದ್ಧವಾಗದು. ಬಾವಿಯ ನೀರು ಹಾಗೇ ಇಟ್ಟು, ಕುಡಿದವನಿಗೆ ಧೈರ್ಯ ಹೇಳಿದರೆ ಅದು ಅನ್ಯಾಯ. ಕೇಂದ್ರ ಸರಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008-09ರಲ್ಲೇ ಶುರುವಾಗಿದೆ. ಕೋಲಾರ ಕಡೆ ಅಂಗಡಿ, ಕೆಲಸ ಅಂತ ಮನೆ ಮಾಡಿರುವವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಶುಚಿಯಾಗಿ ಹಿಡಿದಿಟ್ಟ ಮಳೆನೀರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.